ಇಂಗಾಲ ಕಡಿತಕ್ಕಾಗಿ ಸ್ಥಳೀಯ ನಾಗರಿಕ ಸಂಘಟನೆ

ಒಂದು ಊರು, ಬಡಾವಣೆ ಅಥವಾ ವಾರ್ಡಿನ ನಿವಾಸಿಗಳು ತಮ್ಮ ಪ್ರದೇಶದಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್ ಮತ್ತಿತರ ಹಸಿರುಮನೆ ಅನಿಲಗಳನ್ನು ತಗ್ಗಿಸಲು ಸ್ವಯಂಪ್ರೇರಣೆಯಿಂದ ಕಟ್ಟಿಕೊಳ್ಳುವ ಗುಂಪನ್ನು ಇಂಗಾಲ ಕಡಿತದ ಸ್ಥಳೀಯ ನಾಗರಿಕ ಸಂಘಟನೆ ಎನ್ನಲಾಗುತ್ತದೆ. ವಿದ್ಯುತ್, ಅಡುಗೆ ಇಂಧನ, ಪ್ರಯಾಣ ಮತ್ತು ಕಸ ಇಂತಹ ಗುಂಪುಗಳ ಮುಖ್ಯ ಕಾರ್ಯಕ್ಷೇತ್ರಗಳು. ಕೆಲವು ಗುಂಪುಗಳು ಸದಸ್ಯರ ಮನೆಯ ಬಳಕೆಯನ್ನು ಅಳೆದು ಕಡಿಮೆ ಮಾಡುವುದನ್ನೇ ಗುರಿಯಾಗಿಸಿಕೊಂಡರೆ, ಮತ್ತೆ ಕೆಲವು ರಸ್ತೆ, ರೈಲು, ವಿದ್ಯುತ್ ಸ್ಥಾವರಗಳಂತಹ ಸಾರ್ವಜನಿಕ ನಿರ್ಧಾರಗಳ ಮೇಲೆ ಪ್ರಭಾವ ಬೀರಲು ಯತ್ನಿಸುತ್ತವೆ.

ಇಂಗ್ಲೆಂಡಿನಲ್ಲಿ 2005–06ರ ಸುಮಾರಿಗೆ ಹುಟ್ಟಿದ ಗುಂಪುಗಳು ಇಂಗಾಲದ ಲೆಕ್ಕವನ್ನೇ ಮೊದಲ ಹೆಜ್ಜೆಯಾಗಿ ಇಟ್ಟವು. ಕರ್ನಾಟಕದಲ್ಲಿ ಕ್ರಮ ಬೇರೆ. ಇಲ್ಲಿ ಜನ ಒಟ್ಟುಗೂಡಿದ್ದು ಕಸದ ಗುಡ್ಡ, ಕಡಿಯಲಿರುವ ಮರ, ಕಳೆದುಹೋಗಲಿರುವ ಜಮೀನು, ಬಾರದ ಬಸ್ಸು ಇಂತಹ ಕಣ್ಣೆದುರಿನ ಕಾರಣಗಳಿಗಾಗಿ. ಇಂಗಾಲದ ಉಳಿತಾಯ ಅದರ ಜೊತೆಗೆ ಬಂದ ಫಲ. ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಕೋಗಿಲು, ಜಕ್ಕೂರು, ಹೆಬ್ಬಾಳ ಪ್ರದೇಶವು ಈ ಎರಡೂ ಮಾದರಿಗಳನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಆಷ್ಟನ್ ಹೇಯ್ಸ್ ಸುಮಾರು ಒಂದು ಸಾವಿರ ಜನಸಂಖ್ಯೆಯ ಹಳ್ಳಿ. ಅಲ್ಲಿನ ನಿವಾಸಿ, ಮಾಜಿ ಪತ್ರಕರ್ತ ಗ್ಯಾರಿ ಚಾರ್ನಾಕ್ ಅವರ ಸಲಹೆಯಂತೆ ಗ್ರಾಮಸ್ಥರು 2006ರ ಆರಂಭದಲ್ಲಿ ಶಾಲೆಯಲ್ಲಿ ಸಭೆ ಸೇರಿ, ತಮ್ಮ ಊರನ್ನು ಇಂಗಾಲ ತಟಸ್ಥ ಗ್ರಾಮವನ್ನಾಗಿ ಮಾಡುವ ಯೋಜನೆಗೆ ಚಾಲನೆ ಕೊಟ್ಟರು. ಹತ್ತಿರದ ಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಇಂಧನ ಬಳಕೆಯ ಸಮೀಕ್ಷೆ ನಡೆಸಿದರು. ಹತ್ತು ವರ್ಷಗಳಲ್ಲಿ ಹಳ್ಳಿಯ ಹೊರಸೂಸುವಿಕೆ ಸುಮಾರು ಶೇ. 24ರಷ್ಟು ಇಳಿಯಿತು. ಈ ಗುಂಪಿನ ಒಂದು ನಿಯಮ ಕುತೂಹಲಕರವಾದುದು: ರಾಜಕಾರಣಿಗಳು ಸಭೆಗೆ ಬರಬಹುದು, ಕುಳಿತು ಕೇಳಬಹುದು, ಆದರೆ ಭಾಷಣ ಮಾಡುವಂತಿಲ್ಲ.

ಇದೇ ಕಾಲದಲ್ಲಿ ಬ್ರಿಟನ್ನಿನ ಹಲವು ಪಟ್ಟಣಗಳಲ್ಲಿ ಇಂಗಾಲ ಪಡಿತರ ಗುಂಪುಗಳು ಹುಟ್ಟಿದವು. ಸದಸ್ಯರು ವರ್ಷಕ್ಕೆ ಇಷ್ಟು ಕಿಲೋಗ್ರಾಂ ಎಂದು ತಮಗೆ ತಾವೇ ಮಿತಿ ಹಾಕಿಕೊಳ್ಳುವುದು, ಮಿತಿ ಮೀರಿದವರು ಪ್ರತಿ ಹೆಚ್ಚುವರಿ ಕಿಲೋಗ್ರಾಂಗೆ ಸಣ್ಣ ಮೊತ್ತವನ್ನು ಗುಂಪಿನ ನಿಧಿಗೆ ಕಟ್ಟುವುದು ಇವುಗಳ ಪದ್ಧತಿ. ಡೆವನ್ ಪ್ರಾಂತದ ಟೋಟ್ನೆಸ್ ಪಟ್ಟಣದಲ್ಲಿ 2006ರಲ್ಲಿ ರಾಬ್ ಹಾಪ್ಕಿನ್ಸ್ ಮತ್ತು ಸಂಗಡಿಗರು ಆರಂಭಿಸಿದ 'ಟ್ರಾನ್ಸಿಷನ್ ಟೌನ್' ಚಳವಳಿಯು ಆಹಾರ, ಇಂಧನ, ದುರಸ್ತಿ ಮುಂತಾದವುಗಳಲ್ಲಿ ಊರು ಸ್ವಾವಲಂಬಿಯಾಗಬೇಕೆಂಬ ವಿಶಾಲವಾದ ಗುರಿಯನ್ನು ಇಟ್ಟುಕೊಂಡು ಅನೇಕ ದೇಶಗಳಿಗೆ ಹಬ್ಬಿತು.

ಭಾರತದಲ್ಲಿ ಇಂಗಾಲದ ಲೆಕ್ಕದಿಂದಲೇ ಹೊರಟ ಪ್ರಯತ್ನಗಳಲ್ಲಿ ಕರ್ನಾಟಕದ ಗಡಿಗೆ ಹೊಂದಿಕೊಂಡ ವಯನಾಡ್ ಜಿಲ್ಲೆಯ ಮೀನಂಗಾಡಿ ಗ್ರಾಮ ಪಂಚಾಯಿತಿಯದು ಪ್ರಸಿದ್ಧವಾದುದು. 2016ರ ವಿಶ್ವ ಪರಿಸರ ದಿನದಂದು ಅಲ್ಲಿ ಇಂಗಾಲ ತಟಸ್ಥ ಪಂಚಾಯಿತಿ ಯೋಜನೆ ಆರಂಭವಾಯಿತು. 'ತಣಲ್' ಸಂಸ್ಥೆಯ ನೆರವಿನಿಂದ ಪಂಚಾಯಿತಿಯ ಹೊರಸೂಸುವಿಕೆಯನ್ನೂ ಅಲ್ಲಿನ ಮರ-ಮಣ್ಣು ಹೀರಿಕೊಳ್ಳುವ ಪ್ರಮಾಣವನ್ನೂ ಅಂದಾಜು ಮಾಡಲಾಯಿತು. ನೆಟ್ಟ ಮರವನ್ನು ಕಡಿಯದೆ ಉಳಿಸಿಕೊಳ್ಳುವ ರೈತನಿಗೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿರಹಿತ ಸಾಲ ಕೊಡುವ 'ಮರ ಬ್ಯಾಂಕ್' ಈ ಯೋಜನೆಯ ವಿಶೇಷ. ಆದರೆ ಇದು ಚುನಾಯಿತ ಸಂಸ್ಥೆಯೊಂದು ಮುಂದೆ ನಿಂತು ನಡೆಸಿದ ಕಾರ್ಯಕ್ರಮವೇ ಹೊರತು ನಿವಾಸಿಗಳು ತಾವಾಗಿ ಕಟ್ಟಿದ ಸಂಘವಲ್ಲ.

ಕರ್ನಾಟಕದಲ್ಲಿ

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ವಿರುದ್ಧ ಕರ್ನಾಟಕದ ಗ್ರಾಮಸ್ಥರು ನಡೆಸಿದ ಹೋರಾಟಗಳು ಇಂಗಾಲದ ದೃಷ್ಟಿಯಿಂದ ಬಹು ದೊಡ್ಡವು. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ 1,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ 2007ರಲ್ಲಿ ಮುಂದೆ ಬಂದಾಗ ಸುತ್ತಲಿನ ರೈತರು ವಿರೋಧಿಸಿದರು, ಯೋಜನೆ ನಿಂತಿತು. ಉತ್ತರ ಕನ್ನಡದ ಅಘನಾಶಿನಿ ನದೀಮುಖದಲ್ಲಿರುವ ತದಡಿಯಲ್ಲಿ ಉದ್ದೇಶಿಸಿದ್ದ 4,000 ಮೆಗಾವಾಟ್ ಸ್ಥಾವರವೂ ಕಾರ್ಯಗತವಾಗಲಿಲ್ಲ. ಎರಡೂ ಕಡೆ ಹೋರಾಟದ ಮಾತು ಜಮೀನು, ಬೆಳೆ, ಮೀನು ಮತ್ತು ನೀರಿನದು. ಮನೆಯ ದೀಪ ಬದಲಿಸುವ ಸಾವಿರಾರು ಸಂಘಗಳಿಂದ ಆಗದ ಉಳಿತಾಯ ಇಂತಹ ಒಂದು ತಡೆಯಿಂದ ಆಗುತ್ತದೆ. ಆದರೂ ಇಂಗಾಲ ಕಡಿತದ ಚರಿತ್ರೆ ಬರೆಯುವವರು ಈ ಹೋರಾಟಗಳನ್ನು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಬೆಂಗಳೂರಿನಲ್ಲಿ ಇದೇ ಬಗೆಯ ಎಚ್ಚರ ಕಸದಿಂದ ಆರಂಭವಾಯಿತೆನ್ನಬಹುದು. ನಗರದ ಕಸವನ್ನು ವರ್ಷಗಟ್ಟಲೆ ಸುರಿಯುತ್ತಿದ್ದ ಸ್ಥಳಗಳಲ್ಲಿ ಯಲಹಂಕದ ಸಮೀಪದ ಮಾವಳ್ಳಿಪುರ ಒಂದು. ಕೊಳೆತ ಕಸದ ರಸ ಬಾವಿ-ಕೆರೆಗಳಿಗೆ ಇಳಿದು, ದುರ್ವಾಸನೆ ಮತ್ತು ಕಾಯಿಲೆಗಳಿಂದ ಬೇಸತ್ತ ಗ್ರಾಮಸ್ಥರ ಸತತ ವಿರೋಧದಿಂದ 2012ರಲ್ಲಿ ಆ ಭೂಭರ್ತಿ ಮುಚ್ಚಿತು. ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದಾಗಲೇ ತಮ್ಮ ಕಸ ಎಲ್ಲಿಗೆ ಹೋಗುತ್ತಿತ್ತೆಂಬುದು ಅನೇಕ ನಗರವಾಸಿಗಳಿಗೆ ತಿಳಿದದ್ದು. ಪೂರ್ವ ಭಾಗದ ಮಂಡೂರಿನಲ್ಲಿಯೂ ಇಂತಹುದೇ ಹೋರಾಟ ನಡೆದು 2014ರ ಕೊನೆಯಲ್ಲಿ ಕಸ ಸುರಿಯುವುದು ನಿಂತಿತು. ಅದಕ್ಕೂ ಮೊದಲೇ ಕಸದ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿದ್ದ ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನಂತಹ ನಾಗರಿಕ ಗುಂಪುಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಪ್ರಚುರಪಡಿಸಿದವು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ನಗರದಾದ್ಯಂತ ಪಾಲಿಸಬೇಕೆಂದು ಆದೇಶಿಸಿತು. ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಹೊರಬರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋಗ್ರಾಂ ಮೀಥೇನ್ ಉಂಟುಮಾಡುವ ತಾಪವು ಸುಮಾರು 28 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಆದುದರಿಂದ ಮಾವಳ್ಳಿಪುರದ ಜನರು ಆರೋಗ್ಯಕ್ಕಾಗಿ ನಡೆಸಿದ ಹೋರಾಟ ಹವಾಮಾನದ ಹೋರಾಟವೂ ಆಗಿತ್ತು.

ಉಕ್ಕಿನ ಮೇಲ್ಸೇತುವೆ ವಿರೋಧಿ ಚಳವಳಿ

ಉತ್ತರ ಬೆಂಗಳೂರಿಗೆ ಸಂಬಂಧಿಸಿದಂತೆ ನಾಗರಿಕರು ಸಂಘಟಿತರಾದ ಅತ್ಯಂತ ಪ್ರಮುಖ ಸಂದರ್ಭವಿದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ವಾಹನ ದಟ್ಟಣೆ ಬಹಳವಾಗಿ ಏರಿತು. ಅದಕ್ಕೆ ಪರಿಹಾರವೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಸವೇಶ್ವರ ವೃತ್ತದಿಂದ ಮೇಖ್ರಿ ವೃತ್ತದ ಮಾರ್ಗವಾಗಿ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಯೋಜಿಸಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಅಧಿಕೃತ ಲೆಕ್ಕದಂತೆ 812 ಮರಗಳು ಕಡಿಯಲ್ಪಡಬೇಕಿತ್ತು. 2016ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ನೀಡಿತು.

'ಸಿಟಿಜನ್ಸ್ ಫಾರ್ ಬೆಂಗಳೂರು' ಎಂಬ ವೇದಿಕೆಯಡಿ ನಾಗರಿಕರು ಒಗ್ಗೂಡಿ, 2016ರ ಅಕ್ಟೋಬರ್ 16ರ ಭಾನುವಾರ ಉದ್ದೇಶಿತ ಸೇತುವೆಯ ಮಾರ್ಗದುದ್ದಕ್ಕೂ ಮಾನವ ಸರಪಳಿ ರಚಿಸಿದರು. ಸಾವಿರಾರು ಜನರು ಪಾಲ್ಗೊಂಡರು. 'ಬೇಡ' ಎಂಬ ಒಂದೇ ಕನ್ನಡ ಪದ ಚಳವಳಿಯ ಘೋಷಣೆಯಾಯಿತು. ಕನ್ನಡ ಬಾರದವರ ಕೈಯಲ್ಲಿಯೂ ಆ ಫಲಕವಿತ್ತು. ವೆಚ್ಚದ ಹೊರೆ, ಜನರ ಅಭಿಪ್ರಾಯ ಕೇಳದ ಆತುರ, ಮರಗಳ ನಾಶ, ಸಮೂಹ ಸಾರಿಗೆಯ ಕಡೆಗಣನೆ ಇವು ಮುಖ್ಯ ಆಕ್ಷೇಪಗಳು. ಇತರ ನಾಗರಿಕ ಸಂಸ್ಥೆಗಳು ಕಾನೂನಿನ ಹಾದಿ ಹಿಡಿದವು. ಅದೇ ಅಕ್ಟೋಬರ್ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಮಧ್ಯಂತರ ತಡೆ ನೀಡಿತು. 2017ರ ಮಾರ್ಚ್ 2ರಂದು ಅಂದಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ. ಜೆ. ಜಾರ್ಜ್ ಅವರು ಯೋಜನೆಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. 2019ರ ಆರಂಭದಲ್ಲಿ ಅದನ್ನು ಪುನರುಜ್ಜೀವನಗೊಳಿಸುವ ಮಾತು ಬಂದಾಗ ಮತ್ತೆ ವಿರೋಧ ಎದ್ದಿತು.

ಮರಗಳ ಸಂಖ್ಯೆ ಈ ಚಳವಳಿಯಲ್ಲಿ ಜನಮನವನ್ನು ಹೆಚ್ಚು ತಟ್ಟಿದ ಅಂಶ. ಕೇವಲ ಇಂಗಾಲದ ಲೆಕ್ಕ ಹಿಡಿದರೆ ಚಿತ್ರ ಬೇರೆಯಾಗುತ್ತದೆ. ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೀರುತ್ತದೆಂದು ಇಟ್ಟುಕೊಂಡರೆ 812 ಮರಗಳದು ವರ್ಷಕ್ಕೆ 16 ಟನ್ ಚಿಲ್ಲರೆ. ಇತ್ತ ಒಂದು ಟನ್ ಉಕ್ಕನ್ನು ತಯಾರಿಸುವಾಗಲೇ ಎರಡು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೊಸ ರಸ್ತೆ ತೆರೆದರೆ ಹೊಸ ವಾಹನಗಳು ಅದನ್ನು ತುಂಬುತ್ತವೆಂಬುದು ಸಾರಿಗೆ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ಎಂದರೆ ಇಂಗಾಲದ ದೃಷ್ಟಿಯಿಂದ ಚಳವಳಿಯ ಬಲವಾದ ವಾದ ಮರಗಳಿಗಿಂತ ಉಕ್ಕು ಮತ್ತು ಕಾರುಗಳಿಗೆ ಸಂಬಂಧಿಸಿದ್ದು. ಮರಗಳ ಬೆಲೆ ನೆರಳು, ತಂಪು, ಹಕ್ಕಿಗಳಲ್ಲಿದೆ. ಅದನ್ನು ಇಂಗಾಲದ ತಕ್ಕಡಿಯಲ್ಲಿ ತೂಗಲು ಹೋದರೆ ಮರಕ್ಕೇ ಅನ್ಯಾಯವಾಗುತ್ತದೆ.

'ಬೇಡ' ಎಂದ ಗುಂಪು 'ಬೇಕು' ಎಂದೂ ಹೇಳಿದ್ದು ಈ ಚಳವಳಿಯ ಗಮನಾರ್ಹ ಲಕ್ಷಣ. ಉಪನಗರ ರೈಲಿಗಾಗಿ ಅದೇ ವೇದಿಕೆ 'ಚುಕು ಬುಕು ಬೇಕು' ಎಂಬ ಪ್ರಚಾರ ಕೈಗೊಂಡಿತು. ಅನೇಕ ಗುಂಪುಗಳು ವರ್ಷಗಳಿಂದ ಮಂಡಿಸುತ್ತಿದ್ದ ಈ ಬೇಡಿಕೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಅನುಮೋದನೆ ದೊರೆತು, 2022ರ ಜೂನ್ 20ರಂದು ಶಂಕುಸ್ಥಾಪನೆ ನಡೆಯಿತು. ಸುಮಾರು 148 ಕಿಲೋಮೀಟರ್ ಉದ್ದದ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂಗಳ ಹೆಸರಿಡಲಾಗಿದೆ. ಇವುಗಳಲ್ಲಿ ದೇವನಹಳ್ಳಿಗೆ ಹೋಗುವ ಸಂಪಿಗೆ, ರಾಜಾನುಕುಂಟೆಗೆ ಹೋಗುವ ಕನಕ ಎರಡೂ ಯಲಹಂಕವನ್ನು ಹಾದುಹೋಗುವ ಮಾರ್ಗಗಳು.

ಕೋಗಿಲು ಮತ್ತು ಯಲಹಂಕ ಪ್ರದೇಶ

ಕೋಗಿಲು ಯಲಹಂಕದ ನೆರೆಯ, ಕೆರೆಯ ದಂಡೆಯ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿದೆ. ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸ್ ವಿಮಾನ ನಿಲ್ದಾಣದ ಹಾದಿಯ ಪರಿಚಿತ ಗುರುತು. ಯಲಹಂಕ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಹಳೆಯ ಗ್ರಾಮಠಾಣಾ ಮನೆಗಳು, ಕಂದಾಯ ನಿವೇಶನಗಳ ಬಡಾವಣೆಗಳು, ಬಹುಮಹಡಿ ವಸತಿ ಸಮುಚ್ಚಯಗಳು, ಕೂಲಿಕಾರರ ವಸತಿಗಳು ಇಲ್ಲಿ ಒಂದರ ಪಕ್ಕ ಒಂದಿವೆ. ಒಂದೇ ರಸ್ತೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ತಮಿಳು, ಹಿಂದಿ ಕೇಳಿಬರುತ್ತವೆ.

ಹವಾಮಾನ ಬದಲಾವಣೆಯ ಮಾತು ಈ ಭಾಗಕ್ಕೆ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಯಲಹಂಕ ಕೆರೆ ಕೋಡಿ ಹರಿದು 2021ರ ನವೆಂಬರ್‌ನಲ್ಲಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಸ್ಥಿತಿ ಮರುಕಳಿಸಿ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಲ್ಪಾವಧಿಯಲ್ಲಿ ಸುರಿದ ಅತಿಮಳೆಯಷ್ಟೇ ರಾಜಕಾಲುವೆಗಳ ಕಿರಿದಾಗುವಿಕೆಯೂ ಇದಕ್ಕೆ ಕಾರಣ. ಇಂಗಾಲ ತಗ್ಗಿಸಿದ ಮಾತ್ರಕ್ಕೆ ರಾಜಕಾಲುವೆ ಅಗಲವಾಗುವುದಿಲ್ಲ. ಹೀಗಾಗಿ ಇಲ್ಲಿನ ಯಾವುದೇ ನಾಗರಿಕ ಗುಂಪು ನೆರೆ ತಡೆಯುವ ಕೆಲಸವನ್ನೂ ಹೊರಸೂಸುವಿಕೆ ತಗ್ಗಿಸುವ ಕೆಲಸವನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕಾಗುತ್ತದೆ. ಜಕ್ಕೂರು ಕೆರೆ ಮತ್ತು ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಸಂರಕ್ಷಣೆಯಲ್ಲಿ ತೊಡಗಿರುವ ನಿವಾಸಿಗಳ ಗುಂಪುಗಳು ಸಂಘಟನೆಯ ದೃಷ್ಟಿಯಿಂದ ಈ ಪ್ರದೇಶದ ಅನುಭವಿ ಗುಂಪುಗಳಾಗಿವೆ. ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸಾಮರ್ಥ್ಯದ ಅನಿಲ ಆಧಾರಿತ ವಿದ್ಯುತ್ ಸ್ಥಾವರವಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅನಿಲದಿಂದ ತಯಾರಾಗುವ ಪ್ರತಿ ಯೂನಿಟ್ ವಿದ್ಯುತ್ತಿನ ಇಂಗಾಲ ಕಲ್ಲಿದ್ದಲಿನದರ ಅರ್ಧದಷ್ಟು. ಹಾಗೆಂದು ಅದು ಶೂನ್ಯವಲ್ಲ. ವಸತಿ ಪ್ರದೇಶದ ನಡುವೆ ಇದು ಬೇಡವೆಂದು ಸುತ್ತಲಿನ ನಿವಾಸಿಗಳು ಆಕ್ಷೇಪಿಸಿದ್ದರು. ಈ ಸ್ಥಾವರದ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು ಸ್ಥಳೀಯ ಇಂಗಾಲ ಲೆಕ್ಕದ ಸಾಮಾನ್ಯ ತೊಡಕು. ಪ್ರಚಲಿತ ಪದ್ಧತಿಯಂತೆ ವಿದ್ಯುತ್ತಿನ ಇಂಗಾಲವನ್ನು ಬಳಸುವವರ ಲೆಕ್ಕಕ್ಕೆ ಸೇರಿಸುವುದರಿಂದ, ಗುಂಪು ಮನೆಗಳ ಬಿಲ್ಲನ್ನೂ ಸ್ಥಾವರದ ಹೊಗೆಯನ್ನೂ ಎರಡನ್ನೂ ಕೂಡಿಸಿದರೆ ಒಂದೇ ಇಂಗಾಲ ಎರಡು ಸಲ ಎಣಿಕೆಯಾಗುತ್ತದೆ.

ಮನೆಯ ಲೆಕ್ಕ

ಹೊಸ ಗುಂಪಿಗೆ ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟದ್ದು. ಭಾರತದ ವಿದ್ಯುತ್ ಜಾಲದಿಂದ ಬರುವ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ, ಒಂದು ಲೀಟರ್ ಪೆಟ್ರೋಲಿಗೆ 2.3 ಕಿಲೋಗ್ರಾಂ, ಡೀಸೆಲ್ಲಿಗೆ 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. 14.2 ಕಿಲೋಗ್ರಾಂ ತೂಕದ ಅಡುಗೆ ಅನಿಲದ ಸಿಲಿಂಡರ್ ಒಂದಕ್ಕೆ ಸುಮಾರು 42 ಕಿಲೋಗ್ರಾಂ.

ಉದಾಹರಣೆಗೆ, ತಿಂಗಳಿಗೆ 150 ಯೂನಿಟ್ ವಿದ್ಯುತ್ ಬಳಸುವ, ಒಂದೂವರೆ ತಿಂಗಳಿಗೊಂದು ಸಿಲಿಂಡರ್ ಮುಗಿಸುವ ಮನೆಯೊಂದನ್ನು ಊಹಿಸಿಕೊಳ್ಳೋಣ. ವಿದ್ಯುತ್ತಿನಿಂದ 105, ಅನಿಲದಿಂದ 28 ಕಿಲೋಗ್ರಾಂ ಆಯಿತು. ಮನೆಯ ಒಬ್ಬರು ಕೋಗಿಲಿನಿಂದ ನಗರದೊಳಗಿನ ಕಚೇರಿಗೆ ದಿನಕ್ಕೆ 30 ಕಿಲೋಮೀಟರ್‌ನಂತೆ 25 ದಿನ ದ್ವಿಚಕ್ರ ವಾಹನದಲ್ಲಿ ಹೋಗಿಬಂದರೆ, ಲೀಟರಿಗೆ 45 ಕಿಲೋಮೀಟರ್ ಲೆಕ್ಕದಲ್ಲಿ, ಸುಮಾರು 38 ಕಿಲೋಗ್ರಾಂ. ಒಟ್ಟು ತಿಂಗಳಿಗೆ 171, ವರ್ಷಕ್ಕೆ ಎರಡು ಟನ್ ಚಿಲ್ಲರೆ. ಅದೇ ದೂರವನ್ನು ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬರೇ ಕ್ರಮಿಸಿದರೆ ಪ್ರಯಾಣದ ಪಾಲು 38ರಿಂದ 115ಕ್ಕೆ ಏರಿ ವರ್ಷದ ಮೊತ್ತ ಮೂರು ಟನ್ನಿಗೆ ಹೋಗುತ್ತದೆ. ದೆಹಲಿಗೆ ಒಬ್ಬರು ವಿಮಾನದಲ್ಲಿ ಒಮ್ಮೆ ಹೋಗಿಬಂದರೆ ಸುಮಾರು 250ರಿಂದ 350 ಕಿಲೋಗ್ರಾಂ. ಮೊದಲ ಮನೆಯ ಒಂದೂವರೆಯಿಂದ ಎರಡು ತಿಂಗಳ ಬಾಬ್ತು. ಆಹಾರ, ಬಟ್ಟೆ, ಕಟ್ಟಡ ಸಾಮಗ್ರಿಗಳ ಇಂಗಾಲ ಇದರಲ್ಲಿ ಸೇರಿಲ್ಲ.

ಈ ಲೆಕ್ಕ ಹಾಕಿದ ಗುಂಪಿಗೆ ಬೇಗನೆ ತಿಳಿಯುವ ಸಂಗತಿಯೆಂದರೆ, ಕೂಲಿಕಾರರ ವಸತಿಯ ಮನೆಗೆ ಕಡಿಮೆ ಮಾಡಲು ಹೆಚ್ಚೇನೂ ಇಲ್ಲ. ಎರಡು ದೀಪ, ಒಂದು ಫ್ಯಾನು, ಬಸ್ಸಿನ ಪ್ರಯಾಣ ಇರುವಲ್ಲಿ ಮಿತವ್ಯಯದ ಉಪದೇಶ ಅನುಚಿತ.

ಸಂಘಟನೆಯ ಸ್ವರೂಪ

ಗುಂಪು ಕೆಲಸ ಆರಂಭಿಸಲು ನೋಂದಣಿ ಅನಿವಾರ್ಯವಲ್ಲ. ಅರ್ಜಿ ಸಲ್ಲಿಸಲು, ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಮಾಹಿತಿ ಕೇಳಲು ನಾಗರಿಕರಾಗಿದ್ದರೆ ಸಾಕು. ಬ್ಯಾಂಕ್ ಖಾತೆ, ದೇಣಿಗೆ, ಸರ್ಕಾರಿ ಇಲಾಖೆಗಳೊಡನೆ ಒಪ್ಪಂದ ಇವು ಬೇಕಾದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಸದಸ್ಯರೊಂದಿಗೆ ಸಂಘವನ್ನು ನೋಂದಾಯಿಸಬಹುದು. ನೋಂದಾಯಿತ ಸಂಘವು ವಾರ್ಷಿಕ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕು. ಈ ಕರ್ತವ್ಯವನ್ನು ಮರೆತು ಕಾಗದದಲ್ಲಷ್ಟೇ ಉಳಿದ ಸಂಘಗಳು ನಾಡಿನಲ್ಲಿ ಕಡಿಮೆಯೇನಿಲ್ಲ. ಈಗಾಗಲೇ ಇರುವ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಉಪಸಮಿತಿಯಾಗಿ ಆರಂಭಿಸುವುದು ಸುಲಭ. ಆದರೆ ಆಗ ಬಡಾವಣೆಯ ಗೋಡೆಯ ಆಚೆಗಿನವರು ಹೊರಗೇ ಉಳಿಯುತ್ತಾರೆ.

ಸಭೆಯ ವೇಳೆ ಮತ್ತು ಭಾಷೆ ಯಾರು ಬರುತ್ತಾರೆಂಬುದನ್ನು ನಿರ್ಧರಿಸುತ್ತವೆ. ವಾರದ ದಿನದ ಸಂಜೆ ಇಂಗ್ಲಿಷಿನಲ್ಲಿ ನಡೆಯುವ ಸಭೆಗೆ ಹಾಲು ಕರೆಯುವವರು, ಹೂ ಮಾರುವವರು, ಪೌರಕಾರ್ಮಿಕರು ಬರುವುದಿಲ್ಲ. ಕಸ ಎಲ್ಲಿ ಸುಡಲ್ಪಡುತ್ತದೆ, ಯಾವ ಬಸ್ಸು ತಪ್ಪುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಅವರೇ. ಸಭೆಗೆ ಸರ್ಕಾರಿ ಶಾಲೆಯ ಕೊಠಡಿ ಅಥವಾ ಅರಳಿಕಟ್ಟೆ ವಸತಿ ಸಮುಚ್ಚಯದ ಸಭಾಂಗಣಕ್ಕಿಂತ ಯೋಗ್ಯ, ಏಕೆಂದರೆ ಅಲ್ಲಿಗೆ ಬರಲು ಕಾವಲುಗಾರನ ಅನುಮತಿ ಬೇಕಾಗಿಲ್ಲ.

ಆಡಳಿತದೊಡನೆ ವ್ಯವಹರಿಸಲು ಇರುವ ಅಧಿಕೃತ ವೇದಿಕೆ ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇಂತಹ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ ವರ್ಷಗಳ ಕಾಲ ಚುನಾವಣೆ ನಡೆಯದೆ ಅಧಿಕಾರಿಗಳ ಆಡಳಿತವೇ ಮುಂದುವರಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಯಲಹಂಕ ಪ್ರದೇಶ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿತು. ಇದಕ್ಕೆ ಮೊದಲು, 2023ರ ನವೆಂಬರ್‌ನಲ್ಲಿ, ನಗರವು 2050ರ ಹೊತ್ತಿಗೆ ಶೂನ್ಯ ನಿವ್ವಳ ಹೊರಸೂಸುವಿಕೆಯನ್ನು ಸಾಧಿಸಬೇಕೆಂಬ ಗುರಿಯ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆಯಾಗಿತ್ತು. ಸ್ಥಳೀಯ ಗುಂಪುಗಳಿಗೆ ಈ ದಾಖಲೆ ಉಪಯುಕ್ತ: ತಮ್ಮ ಬೇಡಿಕೆಯನ್ನು ಹೊಸ ಕೋರಿಕೆಯಾಗಿ ಮುಂದಿಡದೆ, ನಗರಾಡಳಿತ ತಾನೇ ಕೊಟ್ಟ ಮಾತಾಗಿ ನೆನಪಿಸಬಹುದು.

ಕಾರ್ಯಕ್ಷೇತ್ರಗಳು

ಚಾವಣಿಯ ಮೇಲಿನ ಸೌರ ವಿದ್ಯುತ್ ಇಂತಹ ಗುಂಪುಗಳು ಸಾಮಾನ್ಯವಾಗಿ ಮೊದಲು ಕೈಹಾಕುವ ಕೆಲಸ. ಒಂದು ಕಿಲೋವಾಟ್ ಘಟಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನೀಡಿದರೆ ವರ್ಷಕ್ಕೆ ಒಂದು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಅಥವಾ ಹೆಚ್ಚಿನ ಘಟಕದ ಮನೆಗೆ 78,000 ರೂಪಾಯಿ ಸಹಾಯಧನವಿದ್ದು, ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೂ ಕಿಲೋವಾಟಿಗೆ 18,000 ರೂಪಾಯಿ ನಿಗದಿಯಾಗಿದೆ. ರಾಜ್ಯದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ 2023ರಿಂದ ಬಿಲ್ಲಿಲ್ಲ. ಬಡ ಮನೆಗಳಿಗೆ ಇದು ದೊಡ್ಡ ಆಸರೆ; ಆದರೆ ಅಂತಹ ಮನೆಗೆ ಸೌರ ಘಟಕದಿಂದ ಹಣದ ಲಾಭ ಉಳಿಯುವುದಿಲ್ಲ. ಆದುದರಿಂದ ಗುಂಪುಗಳು ಮನೆಗಳಿಗಿಂತ ವಸತಿ ಸಮುಚ್ಚಯಗಳ ಲಿಫ್ಟು-ಪಂಪುಗಳು, ಕಲ್ಯಾಣ ಮಂಟಪಗಳು, ಖಾಸಗಿ ಶಾಲೆಗಳು ಇವುಗಳತ್ತ ಗಮನ ಹರಿಸುವುದು ಫಲಕಾರಿ.

ಕಸದ ವಿಷಯದಲ್ಲಿ ಮನೆಯ ತ್ಯಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಹಸಿ ಕಸವಾಗಿರುವುದರಿಂದ, ಬೀದಿಯ ಮಟ್ಟದಲ್ಲಿಯೇ ಗೊಬ್ಬರ ಮಾಡಿದಷ್ಟೂ ಭೂಭರ್ತಿಯ ಮೀಥೇನ್ ಮತ್ತು ಲಾರಿಯ ಡೀಸೆಲ್ ಎರಡೂ ಉಳಿಯುತ್ತವೆ. ಬೇಸಿಗೆಗೆ ಮುನ್ನ ಉದುರುವ ಒಣ ಎಲೆಗಳನ್ನು ಗುಡಿಸಿ ಬೆಂಕಿ ಹಚ್ಚುವ ರೂಢಿಯನ್ನು ನಿಲ್ಲಿಸಲು ಪೌರಕಾರ್ಮಿಕರನ್ನು ಗದರಿಸಿದರೆ ಸಾಲದು. ಎಲೆ ಹಾಕಲು ಜಾಲರಿಯ ತೊಟ್ಟಿಯೊಂದನ್ನು ಉದ್ಯಾನದ ಮೂಲೆಯಲ್ಲಿ ಇರಿಸಿದರೆ ಅವರ ಕೆಲಸವೂ ಹಗುರಾಗುತ್ತದೆ.

ಪ್ರಯಾಣದಲ್ಲಿ ಸ್ಥಳೀಯ ಗುಂಪಿನ ಶಕ್ತಿ ಇರುವುದು ಮನೆಯಿಂದ ನಿಲ್ದಾಣದವರೆಗಿನ ಹಾದಿಯಲ್ಲಿ. ಮೆಟ್ರೊ, ರೈಲುಗಳ ಮಾರ್ಗ ನಿರ್ಧರಿಸುವುದು ಬೇರೆಯವರು. ಕೋಗಿಲು ಮುಖ್ಯರಸ್ತೆಯಂತಹ ಕಡೆ ಪಾದಚಾರಿ ಮಾರ್ಗ, ಬೀದಿದೀಪ, ಹೆದ್ದಾರಿ ದಾಟುವ ಸುರಕ್ಷಿತ ವ್ಯವಸ್ಥೆ, ಬಡಾವಣೆಯ ಒಳಗಿನಿಂದ ಹೊರಡುವ ಬಿಎಂಟಿಸಿ ಸಂಪರ್ಕ ಬಸ್ಸು ಇವು ದೊರೆತರೆ ದ್ವಿಚಕ್ರ ವಾಹನ ಕೊಳ್ಳುವ ಅಗತ್ಯ ಅನೇಕರಿಗೆ ತಪ್ಪುತ್ತದೆ. ಬಸ್ ದರ ಮತ್ತು ಸಂಖ್ಯೆಯ ಪ್ರಶ್ನೆಯನ್ನು ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆಯಂತಹ ಸಂಘಟನೆಗಳು ನಗರದ ಮಟ್ಟದಲ್ಲಿ ಎತ್ತಿವೆ.

ಮರಗಳ ಬಗ್ಗೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ನಾಗರಿಕರಿಗೆ ಒಂದು ನಿರ್ದಿಷ್ಟ ಅವಕಾಶ ಕೊಡುತ್ತದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಪ್ರಕಟಣೆಯನ್ನು ಗಮನಿಸಿ, ಅವಧಿಯೊಳಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸುವುದು ಸಣ್ಣ ಗುಂಪಿಗೂ ಸಾಧ್ಯವಾದ ಕೆಲಸ.

ಟೀಕೆಗಳು

ಇಂತಹ ಸಂಘಟನೆಗಳ ಮೇಲಿನ ಗಂಭೀರವಾದ ಟೀಕೆ ವರ್ಗಕ್ಕೆ ಸಂಬಂಧಿಸಿದ್ದು. ದೆಹಲಿಯ ಅನುಭವವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಅವರು, ಸ್ವಚ್ಛತೆ ಮತ್ತು ಹಸಿರಿನ ಹೆಸರಿನಲ್ಲಿ ಬಡವರ ವಸತಿ, ಉದ್ಯೋಗಗಳನ್ನು ತೆರವುಗೊಳಿಸುವ ಪ್ರವೃತ್ತಿಯನ್ನು 'ಬೂರ್ಜ್ವಾ ಪರಿಸರವಾದ' ಎಂದು ಕರೆದಿದ್ದಾರೆ. ಕೆರೆಯಂಚಿನ ಗುಡಿಸಲುಗಳು, ಗುಜರಿ ಅಂಗಡಿಗಳು, ರಸ್ತೆ ಬದಿಯ ವ್ಯಾಪಾರಿಗಳು ಪರಿಸರ ಗುಂಪುಗಳ ದೂರಿಗೆ ಗುರಿಯಾಗುವುದು ಬೆಂಗಳೂರಿನಲ್ಲಿಯೂ ಇದೆ. ಇಂಗಾಲದ ಲೆಕ್ಕದಲ್ಲಿ ಗುಜರಿ ಅಂಗಡಿಯವರು ಮತ್ತು ಚಿಂದಿ ಆಯುವವರು ಉಳಿಸುವ ಪಕ್ಷದವರು: ಅವರು ಮರುಬಳಕೆಗೆ ಕಳಿಸುವ ಕಬ್ಬಿಣ, ಕಾಗದ, ಪ್ಲಾಸ್ಟಿಕ್ ಹೊಸದಾಗಿ ತಯಾರಾಗಬೇಕಿಲ್ಲ. ತ್ಯಾಜ್ಯ ಆಯುವವರ ಪರವಾಗಿ ಕೆಲಸ ಮಾಡುವ 'ಹಸಿರು ದಳ' ಈ ಅಂಶವನ್ನು ನಗರಾಡಳಿತದ ಗಮನಕ್ಕೆ ತಂದ ಸಂಸ್ಥೆಗಳಲ್ಲಿ ಪ್ರಮುಖವಾದುದು.

ವೈಯಕ್ತಿಕ ಬಳಕೆಯ ಮೇಲೆ ಗಮನ ಹರಿಸಿದರೆ ಕಲ್ಲಿದ್ದಲು, ಸಿಮೆಂಟು, ಉಕ್ಕಿನ ದೊಡ್ಡ ಹೊರಸೂಸುವಿಕೆ ಮರೆಯಾಗುತ್ತದೆಂಬ ಆಕ್ಷೇಪವೂ ಇದೆ. ಭಾರತದ ತಲಾವಾರು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಎರಡು ಟನ್ನಿನ ಆಸುಪಾಸಿನಲ್ಲಿದ್ದು, ಜಾಗತಿಕ ಸರಾಸರಿಯ ಅರ್ಧವನ್ನೂ ಮುಟ್ಟುವುದಿಲ್ಲ. ಈ ಸರಾಸರಿಯೊಳಗೆ ವಿಮಾನ ಪ್ರಯಾಣಿಕರೂ ಕೂಲಿಕಾರರೂ ಒಟ್ಟಿಗಿದ್ದಾರೆ.

ಮೂರನೆಯ ತೊಡಕು ಬಾಳಿಕೆಯದು. ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸೇರಿದಷ್ಟು ಜನ ಬಸ್ ನಿಲ್ದಾಣಕ್ಕೆ ಪಾದಚಾರಿ ಮಾರ್ಗ ಕೇಳಲು ಸೇರುವುದಿಲ್ಲ. ಆಷ್ಟನ್ ಹೇಯ್ಸ್‌ನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರುಸಮೀಕ್ಷೆಗೆ ಬರುತ್ತಿದ್ದುದರಿಂದ ಲೆಕ್ಕ ನಿಲ್ಲಲಿಲ್ಲ. ಯಲಹಂಕದ ಸುತ್ತಲೂ ಪದವಿ ಹಾಗೂ ಎಂಜಿನಿಯರಿಂಗ್ ಕಾಲೇಜುಗಳು ಸಾಕಷ್ಟಿವೆ. ವಿದ್ಯುತ್ ಬಿಲ್ಲುಗಳನ್ನು ವರ್ಷಕ್ಕೊಮ್ಮೆ ಮನೆಮನೆಯಿಂದ ಸಂಗ್ರಹಿಸಿ ಹೋಲಿಸುವ ಕೆಲಸವನ್ನು ಅವುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳಿಗೆ ಒಪ್ಪಿಸಲು ಅವಕಾಶವಿದೆ.